ಕ್ಯಾಡ್ ನಕ್ಷೆಗಳಲ್ಲಿ ಅಳತೆ ನಮೂದು: ದೋಷ ಮತ್ತು ಪರಿಹಾರಗಳ ಇತಿಹಾಸ

ಕಂಪ್ಯೂಟರ್ ನೆರವಿನಿಂದ ಬರೆದ ನಕ್ಷೆಯಲ್ಲಿ ಉದ್ದ, ವ್ಯಾಸ, ಕೋನಗಳನ್ನು ಗೆರೆ, ಬಾಣ ಮತ್ತು ಅಂಕಿಗಳಿಂದ ತೋರಿಸುವ ಕೆಲಸಕ್ಕೆ ಡೈಮೆನ್ಷನಿಂಗ್ ಎಂದು ಹೆಸರು. ಇದರಲ್ಲಿ ತಲೆದೋರುವ ಬಹುಪಾಲು ದೋಷಗಳ ಮೂಲ ಒಂದೇ: ಅಂಕಿಗೂ ಅದು ಅಳೆಯಬೇಕಾದ ಆಕೃತಿಗೂ ನಂಟು ತಪ್ಪುವುದು.

ಡ್ರಾಯಿಂಗ್ ಬೋರ್ಡಿನ ಕಾಲದಲ್ಲಿ ಆ ನಂಟನ್ನು ಕಾಯುತ್ತಿದ್ದವರು ಡ್ರಾಫ್ಟ್ಸ್‌ಮನ್. ಅಳತೆ ಬದಲಾಗಿ, ಚಿತ್ರ ತಿದ್ದಲು ಸಮಯವಿಲ್ಲದಿದ್ದರೆ ಹೊಸ ಅಂಕಿ ಬರೆದು ಅದರ ಕೆಳಗೆ ಗೆರೆ ಎಳೆಯುತ್ತಿದ್ದರು. ಚಿತ್ರ ಸ್ಕೇಲಿಗೆ ಸರಿಯಾಗಿಲ್ಲ ಎಂಬ ಎಚ್ಚರಿಕೆ ಅದು. ಈ ಪ್ರಾಮಾಣಿಕ ಪದ್ಧತಿ ಕಂಪ್ಯೂಟರ್ ಬಂದ ಮೇಲೆ ಮರೆಯಾಗುತ್ತ ಬಂದದ್ದು ದೊಡ್ಡ ನಷ್ಟ.

ಎಂಐಟಿಯಲ್ಲಿ ಐವನ್ ಸದರ್ಲೆಂಡ್ 1963ರಲ್ಲಿ ಮಂಡಿಸಿದ ಸ್ಕೆಚ್‌ಪ್ಯಾಡ್, ಆಕೃತಿಗೆ ನಿಬಂಧನೆ ಹಾಕಿ ಅದನ್ನು ಹಿಡಿದಿಡಬಹುದೆಂದು ತೋರಿಸಿತು. 1982ರಲ್ಲಿ ಬಂದ ಆಟೊಕ್ಯಾಡ್‌ ಡ್ರಾಫ್ಟಿಂಗನ್ನು ಪರ್ಸನಲ್ ಕಂಪ್ಯೂಟರಿಗೆ ತಂದಿತಾದರೂ, ಅದರ ಆರಂಭದ ವರ್ಷಗಳಲ್ಲಿ ಹಾಕಿದ ಅಳತೆ ಬಿಡಿ ಗೆರೆ, ಬಿಡಿ ಬಾಣ, ಬಿಡಿ ಅಕ್ಷರಗಳಾಗಿಯೇ ಉಳಿಯುತ್ತಿತ್ತು. ಗೋಡೆ ಸರಿಸಿದರೆ ಅಂಕಿ ಹಳೆಯದೇ.

1987ರ 2.6ನೇ ಆವೃತ್ತಿ ಇವನ್ನು ಒಂದೇ ವಸ್ತುವಾಗಿ ಕಟ್ಟಿ, ಡೆಫ್‌ಪಾಯಿಂಟ್ಸ್ ಎಂಬ ಲೇಯರಿನಲ್ಲಿ ಅಳತೆಯ ಬಿಂದುಗಳನ್ನಿಟ್ಟಿತು. ಸ್ಟ್ರೆಚ್ ಮಾಡುವಾಗ ಈ ಬಿಂದುಗಳೂ ಆಯ್ಕೆಯ ಕಿಟಕಿಯೊಳಗೆ ಬಂದರೆ ಮಾತ್ರ ಅಂಕಿ ಬದಲಾಗುತ್ತದೆ. ಈ ಲೇಯರ್ ಮುದ್ರಣವಾಗದು. ಕೈತಪ್ಪಿ ಅಲ್ಲಿ ಎಳೆದ ಗೆರೆಗಳು ಕಾಗದದ ಮೇಲೆ ಕಾಣದೆ ಹೋಗುವುದು ಇಂದಿಗೂ ಸಾಮಾನ್ಯ. ಆಕೃತಿಗೇ ನೇರವಾಗಿ ಅಂಟಿಕೊಳ್ಳುವ ಅಳತೆ ಬಂದದ್ದು ಆಟೊಕ್ಯಾಡ್ 2002ರಲ್ಲಿ. ಅದನ್ನು ನಿಯಂತ್ರಿಸುವ ಡಿಮ್‌ಅಸೋಕ್ ಮೌಲ್ಯ 2 ಇದ್ದರೆ ಪೂರ್ಣ ನಂಟು, 1 ಇದ್ದರೆ ಅಳತೆ ಒಂದೇ ವಸ್ತು ಆದರೆ ನಂಟಿಲ್ಲ, 0 ಇದ್ದರೆ ಎಲ್ಲವೂ ಬಿಡಿಬಿಡಿ. ನಂಟು ತಪ್ಪಿದ ಅಳತೆಯನ್ನು ಡಿಮ್‌ರೀಅಸೋಸಿಯೇಟ್ ಆದೇಶದಿಂದ ಮತ್ತೆ ಜೋಡಿಸಬಹುದು. ಎಕ್ಸ್‌ಪ್ಲೋಡ್ ಮಾಡಿ ಬಿಡಿ ಗೆರೆಗಳಾಗಿ ಒಡೆದದ್ದನ್ನು ಹಾಗೆ ಜೋಡಿಸಲಾಗದು, ಹೊಸದಾಗಿಯೇ ಹಾಕಬೇಕು.

ಮಾನದ ಗೊಂದಲ ಬೇರೆಯೇ ಕಥೆ. ಕರ್ನಾಟಕದಲ್ಲಿ ನಿವೇಶನ ಇಂದಿಗೂ ಮೂವತ್ತು–ನಲವತ್ತು ಅಡಿಯ ಲೆಕ್ಕದಲ್ಲೇ ಇದೆ. ನಕ್ಷೆಯನ್ನು ಮಿಲಿಮೀಟರಿನಲ್ಲಿ ಬರೆಯುವವರೂ ಹಲವರು. 30 ಅಡಿಯ ಬದಿಯನ್ನು 9144 ಎಂದು ಎಳೆದು, ಅಳತೆಯ ಶೈಲಿಯನ್ನು ಅಡಿ–ಅಂಗುಲಕ್ಕೆ ಇಟ್ಟರೆ ತಂತ್ರಾಂಶ ಒಂದು ಮಾನವನ್ನು ಒಂದು ಅಂಗುಲವೆಂದು ಎಣಿಸಿ 762 ಅಡಿ ಎಂದು ತೋರಿಸುತ್ತದೆ. ಡಿಮ್‌ಎಲ್‌ಫ್ಯಾಕ್ ಎಂಬ ಗುಣಕವನ್ನು 25.4ರಲ್ಲಿ ಒಂದು ಪಾಲಿಗೆ ಇಳಿಸಿದರೆ ಅಂಕಿ 30 ಅಡಿಯಾಗುತ್ತದೆ. ಆದರೆ ಗೆರೆಗಳನ್ನು ಬೇರೆ ಫೈಲಿಗೆ ನಕಲು ಮಾಡಿದಾಗ ಅದೇ ತೊಂದರೆ ಮರಳುತ್ತದೆ. ಮಿಲಿಮೀಟರ್ ಉಳಿಸಿಕೊಂಡು ಅಡಿಯನ್ನು ಪರ್ಯಾಯ ಮಾನವಾಗಿ ಪಕ್ಕದಲ್ಲಿ ತೋರಿಸುವುದೇ ಭದ್ರವಾದ ದಾರಿ.

ದುಂಡಾಗಿಸುವಿಕೆಯೂ ಲೆಕ್ಕ ಕೆಡಿಸುತ್ತದೆ. 1000 ಮಿ.ಮೀ. ಗೋಡೆಯನ್ನು ಮೂರು ಸಮಪಾಲು ಮಾಡಿ ದಶಮಾಂಶ ಬಿಟ್ಟರೆ 333 ಮೂರು ಸಲ ಕಾಣುತ್ತದೆ, ಕೂಡಿದರೆ 999. ಮೇಸ್ತ್ರಿಗೆ ಗೊಂದಲವಾಗದಿರಲು ಒಟ್ಟು ಅಳತೆಯನ್ನೂ ಹಾಕಬೇಕು. ಅಕ್ಷರ ಕಾಣದಷ್ಟು ಚಿಕ್ಕದಾಗುವುದು ಸ್ಕೇಲಿನ ತೊಂದರೆ: 1:100ರ ಮುದ್ರಣದಲ್ಲಿ 2.5 ಮಿ.ಮೀ. ಎತ್ತರ ಬೇಕಿದ್ದರೆ ಮಾಡೆಲ್ ಜಾಗದಲ್ಲಿ 250 ಇರಬೇಕು. ಆಟೊಕ್ಯಾಡ್ 2008ರ ಅನೊಟೇಟಿವ್ ಸೌಲಭ್ಯ ಈ ಗುಣಾಕಾರವನ್ನು ತಾನೇ ಮಾಡುತ್ತದೆ.

ಎಲ್ಲಕ್ಕಿಂತ ಅಪಾಯಕಾರಿ ಅಭ್ಯಾಸ, ಅಂಕಿಯ ಮೇಲೆ ಬೇರೊಂದು ಅಂಕಿ ಟೈಪ್ ಮಾಡುವುದು. ಆ ಬಳಿಕ ಆಕೃತಿ ಎಷ್ಟೇ ಬದಲಾದರೂ ಅಂಕಿ ಕದಲುವುದಿಲ್ಲ. ಅಳತೆಯ ಪಠ್ಯವನ್ನು ತೆಗೆದು ಒಂದು ಜೋಡಿ ಕೋನಾವರಣ ಚಿಹ್ನೆ, ಅಂದರೆ <> ಬರೆದರೆ ನಿಜವಾದ ಅಳತೆ ಮರಳುತ್ತದೆ. ನಕ್ಷೆ ಕೈಸೇರಿದವರು ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ.

1980ರ ದಶಕದ ಕೊನೆಯಲ್ಲಿ ಬಂದ ಪ್ರೊ/ಎಂಜಿನಿಯರ್ ತಂತ್ರಾಂಶ ಅಂಕಿ–ಆಕೃತಿಗಳ ಸಂಬಂಧವನ್ನು ತಿರುಗಿಸಿತು: ಅಂಕಿ ಬದಲಿಸಿದರೆ ಆಕೃತಿಯೇ ಬದಲಾಗುತ್ತದೆ. ಈ ಬಗೆಯ ನಿಬಂಧನೆಗಳು ಆಟೊಕ್ಯಾಡ್‌ನ ಎರಡು ಆಯಾಮದ ನಕ್ಷೆಗಳಿಗೆ 2010ರ ಆವೃತ್ತಿಯಲ್ಲಿ ಬಂದವು. ಅವುಗಳ ಡೈನಾಮಿಕ್ ರೂಪ ಪರದೆಯಲ್ಲಷ್ಟೇ ಕಾಣುತ್ತದೆ. ಕಾಗದದಲ್ಲಿ ಬಾರದಿದ್ದರೆ ಅದು ದೋಷವಲ್ಲ, ಅನೊಟೇಷನಲ್ ರೂಪಕ್ಕೆ ಬದಲಿಸಿದರೆ ಮುದ್ರಣವಾಗುತ್ತದೆ.