ಜಾರ್ಜ್ ವೇಯಾ
ಲೈಬೀರಿಯಾದ ಫುಟ್‌ಬಾಲ್ ಆಟಗಾರ, ಮುಂದೆ ಅದೇ ದೇಶದ ಅಧ್ಯಕ್ಷ (ಜನನ 1966). 1995ರಲ್ಲಿ ಬ್ಯಾಲನ್ ಡಿಓರ್ ಪ್ರಶಸ್ತಿ ಪಡೆದರು; ಆಫ್ರಿಕಾದ ರಾಷ್ಟ್ರವೊಂದರ ಪರ ಆಡಿ ಇದನ್ನು ಗೆದ್ದವರು ಇವರೊಬ್ಬರೇ. ಆಟ ಬಿಟ್ಟವರು ಸಾಮಾನ್ಯವಾಗಿ ತರಬೇತಿಗೋ ಟಿ.ವಿ. ವಿಶ್ಲೇಷಣೆಗೋ ತಿರುಗುತ್ತಾರೆ. 2003ರಲ್ಲಿ ನಿವೃತ್ತರಾದ ವೇಯಾ, ಅಂತರ್ಯುದ್ಧದಲ್ಲಿ ನಲುಗಿದ್ದ ತಾಯ್ನಾಡಿನ ರಾಜಕೀಯಕ್ಕಿಳಿದರು. 2005ರ ಚುನಾವಣೆಯ ಮೊದಲ ಸುತ್ತಿನಲ್ಲಿ ಮುಂದಿದ್ದರೂ ಎರಡನೆಯದರಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಎದುರು ಸೋತರು. ಓದಿಲ್ಲದವರೆಂಬ ಟೀಕೆ ಆಗ ಬಲವಾಗಿ ಕೇಳಿಬಂತು. ನಂತರ ಅಮೆರಿಕದಲ್ಲಿ ಪದವಿ ಪಡೆದದ್ದು ಅವರ ಛಲಕ್ಕೆ ಸಾಕ್ಷಿ. 2014ರಲ್ಲಿ ಸೆನೆಟ್‌ಗೆ ಆಯ್ಕೆಯಾಗಿ, 2018ರ ಜನವರಿಯಲ್ಲಿ ಅಧ್ಯಕ್ಷರಾದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, 51ರ ವಯಸ್ಸಿನಲ್ಲಿ, ನೈಜೀರಿಯಾ ವಿರುದ್ಧದ ಸ್ನೇಹಪಂದ್ಯಕ್ಕೆ ತಮ್ಮ 14ನೇ ನಂಬರಿನ ಜೆರ್ಸಿ ತೊಟ್ಟು ಮೈದಾನಕ್ಕಿಳಿದರು. ಬೆಲೆಯೇರಿಕೆ, ಭ್ರಷ್ಟಾಚಾರದ ಆರೋಪಗಳು ಅವರ ಆಡಳಿತವನ್ನು ಕಾಡಿದವು. 2023ರಲ್ಲಿ ಕೂದಲೆಳೆಯ ಅಂತರದಿಂದ ಸೋತಾಗ, ಅಂತಿಮ ಫಲಿತಾಂಶಕ್ಕೂ ಮೊದಲೇ ಸೋಲೊಪ್ಪಿ ಎದುರಾಳಿ ಜೋಸೆಫ್ ಬೊವಾಕಾಯ್ ಅವರನ್ನು ಅಭಿನಂದಿಸಿದ್ದು ಅವರ ರಾಜಕೀಯ ಜೀವನದ ಅತ್ಯಂತ ಘನವಾದ ನಡೆ.