ಕಣದ ಆಯ, ಹೋಟೆಲಿನ ಟಿಪ್ಸು

ಹೊನ್ನಾಳಿಯಲ್ಲೋ ಜಗಳೂರಿನಲ್ಲೋ ಊಟ ಮುಗಿಸಿ ಕೈತೊಳೆದು ಬಂದಾಗ ಸಪ್ಲೈಯರ್ ಬಿಲ್ಲು ತಂದಿಟ್ಟಿರುತ್ತಾನೆ. ಸಾರು ತಣ್ಣಗಿತ್ತು, ಎರಡನೇ ಸಲ ಅನ್ನ ಬರುವುದು ತಡವಾಯಿತು. ಹತ್ತು ರೂಪಾಯಿ ಇಡಬೇಕೆ, ಬೇಡವೆ? ಈ ಪ್ರಶ್ನೆ ನಮ್ಮ ಸೀಮೆಯಲ್ಲಿ ಹೋಟೆಲಿಗಿಂತ ಹಳೆಯದು.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಂಥ ಕೆರೆಗಳ ನೀರು ಗದ್ದೆಗೆ ಹರಿಯುವ ಊರುಗಳಲ್ಲಿ ನೀರಗಂಟಿ ಎಂಬವನಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ಕಮ್ಮಾರ, ಬಡಗಿ, ಅಗಸ, ತಳವಾರ, ತೋಟಿಯರಂತೆ ಅವನೂ ಆಯಗಾರ. ಸುಗ್ಗಿಯಲ್ಲಿ ರಾಶಿ ಮಾಡಿದ ಕಣದಲ್ಲೇ ಅವರಿಗೆಲ್ಲ ಕಾಳಿನ ಪಾಲು ಸಲ್ಲುತ್ತಿತ್ತು. ಕೆಲವು ಹುದ್ದೆಗಳಿಗೆ ಇನಾಮು ಜಮೀನೂ ಇತ್ತು. ಕುಳ ಎಷ್ಟು ಚೆನ್ನಾಗಿ ತಟ್ಟಿದೆ ಎಂದು ಕಣದಲ್ಲಿ ಯಾರೂ ಅಳೆಯುತ್ತಿರಲಿಲ್ಲ. ಪಾಲು ವಾಡಿಕೆಯಿಂದ ಗೊತ್ತಾಗಿತ್ತು. ಆದರೆ ಮಳೆ ಕೈಕೊಟ್ಟ ವರ್ಷ ಆಯವೂ ಸೊರಗುತ್ತಿತ್ತು, ಮಳೆ ಬಾರದ್ದು ಕಮ್ಮಾರನ ತಪ್ಪೇನೂ ಅಲ್ಲ. ಅಡುಗೆಮನೆಯ ತಡಕ್ಕೆ ಸಪ್ಲೈಯರ್ ಟಿಪ್ಸು ಕಳೆದುಕೊಳ್ಳುವುದೂ ಹೀಗೆಯೇ.

ಹಾಗೆಂದು ಆಯವನ್ನು ಹೊಗಳಿ ಕೂರುವಂತಿಲ್ಲ. ಅದು ಜಾತಿಗೆ ಕಟ್ಟಿದ ದುಡಿಮೆ. ತೋಟಿಗೆ ಬಿಟ್ಟುಹೋಗುವ ದಾರಿ ಇರಲಿಲ್ಲ, ಬಿಟ್ಟಿ ಚಾಕರಿ ತಪ್ಪುತ್ತಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯದ ಈ ಹುದ್ದೆಗಳು ಕಾನೂನಿನಲ್ಲಿ ಕೊನೆಗೊಂಡವು.

ಇನಾಮು, ಭಕ್ಷೀಸು ಎಂಬ ಮಾತುಗಳು ಮಾತ್ರ ಉಳಿದವು. ಎರಡರಲ್ಲೂ ಕೊಡುವವನ ದೊಡ್ಡಸ್ತಿಕೆಯೇ ಮುಂದೆ. ಟಿಪ್ಸು ಬರುತ್ತದಲ್ಲ, ಸಂಬಳ ಸ್ವಲ್ಪ ಕಡಿಮೆಯಾದರೇನು ಎಂಬ ಲೆಕ್ಕ ಹುಟ್ಟುವುದೂ ಅಲ್ಲಿಂದಲೇ. ಜೈಪುರದ ರಾಮಬಾಗ್ ಪ್ಯಾಲೇಸ್ ಹೋಟೆಲಿನ ಮೊಕದ್ದಮೆಯಲ್ಲಿ 1976ರಲ್ಲಿ ಸುಪ್ರೀಂ ಕೋರ್ಟ್ ಈ ಲೆಕ್ಕವನ್ನು ಒಪ್ಪಲಿಲ್ಲ: ಗಿರಾಕಿ ಕೊಡುವ ಟಿಪ್ಸು ಮಾಲೀಕ ಕೊಡುವ ವೇತನವಲ್ಲ. ಬಿಲ್ಲಿನಲ್ಲೇ ಸೇವಾಶುಲ್ಕ ಸೇರಿಸಿ ವಸೂಲಿ ಮಾಡಬಾರದೆಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂದರೆ ಕೊಡುವುದು ಬಿಡುವುದು ಮತ್ತೆ ಗಿರಾಕಿಯ ಮರ್ಜಿಗೇ ಬಂತು.

ಚೆನ್ನಾಗಿ ಬಡಿಸಿದವನಿಗೆ ನಾಲ್ಕು ಕಾಸು ಹೆಚ್ಚು ಕೊಡುವುದರಲ್ಲಿ ತಪ್ಪು ಕಾಣೆ. ಆದರೆ ನ್ಯಾಮತಿಯ ಹೋಟೆಲಿನಲ್ಲಿ ಸಾರು ತಣ್ಣಗಿದ್ದರೆ ನಾನು ಗಲ್ಲಾದಲ್ಲಿ ಕೂತವರಿಗೆ ಹೇಳುತ್ತೇನೆ. ಸಪ್ಲೈಯರ್‌ಗೆಂದು ತೆಗೆದ ನೋಟನ್ನು ಮತ್ತೆ ಜೇಬಿಗೆ ಹಾಕಿಕೊಳ್ಳುವುದಿಲ್ಲ.