ಒಂದು ಒರೆ, ಎರಡು ಕತ್ತಿ

ಒಂದೇ ಒರೆಯಲ್ಲಿ ಎರಡು ಕತ್ತಿಗಳಿರಲಾರವೆಂಬುದು ನಮ್ಮಲ್ಲಿ ಬಹು ಹಳೆಯ ಮಾತು. ಗಣಕಯಂತ್ರದ ಚರಿತ್ರೆಯಲ್ಲಿ ಅದಕ್ಕೆ ದೊರೆತಷ್ಟು ಒಪ್ಪುವ ನಿದರ್ಶನವನ್ನು ನಾನು ಬೇರೆಡೆ ಕಂಡಿಲ್ಲ.

1981ರ ಆಗಸ್ಟಿನಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ತನ್ನ ‘ಪಿಸಿ’ಯನ್ನು ಹೊರತಂದಿತು. ಅದರೊಳಗೆ ಹೆಚ್ಚಿನ ಕಾರ್ಡುಗಳನ್ನು ಕೂಡಿಸಲು ಐದು ಸ್ಲಾಟುಗಳಿದ್ದುವು. ಅವುಗಳ ವಿವರವನ್ನೆಲ್ಲ ಸಂಸ್ಥೆಯೇ ಅಚ್ಚುಮಾಡಿ ಒದಗಿಸಿದ್ದರಿಂದ, ಕಾರ್ಡುಗಳನ್ನು ಯಾರು ಬೇಕಾದರೂ ತಯಾರಿಸಬಹುದಾಗಿತ್ತು. ಆ ಔದಾರ್ಯದಿಂದಲೇ ಯಂತ್ರವು ಲೋಕಪ್ರಿಯವಾಯಿತು. ಮನೆಯೊಳಗಿನ ಜಗಳವೂ ಅದರಿಂದಲೇ ಹುಟ್ಟಿತು.

ಜಗಳವಾದರೂ ಯಾವುದಕ್ಕೆ? ಕೀಲಿಮಣೆ, ಪ್ರಿಂಟರ್ ಮೊದಲಾದುವು ‘ಇತ್ತ ನೋಡು’ ಎಂದು ಪ್ರೊಸೆಸರನ್ನು ಕರೆಯಲು ಒಂದೊಂದಕ್ಕೂ ಒಂದೊಂದು ತಂತಿ ಬೇಕು. ಐಆರ್‌ಕ್ಯು ಎಂಬುದು ಅದರ ಹೆಸರು. ಪಿಸಿಯಲ್ಲಿ ಅಂಥವು ಎಂಟೇ ಇದ್ದುವು. 0 ಗಡಿಯಾರಕ್ಕೆ, 1 ಕೀಲಿಮಣೆಗೆ, 6 ಫ್ಲಾಪಿಗೆ, 7 ಪ್ರಿಂಟರಿಗೆ. 1984ರ ‘ಎಟಿ’ ಮಾದರಿಯಲ್ಲಿ ಇನ್ನೆಂಟು ಸೇರಿದುವು. ಎರಡು ಚಿಪ್ಪುಗಳನ್ನು ಬೆಸೆಯಲು ಒಂದು ವೆಚ್ಚವಾಗಿ ಉಳಿದುವು ಹದಿನೈದು. ಹಂಚಿಕೊಂಡು ಬಾಳೋಣವೆಂದರೆ ತಂತಿಯ ರಚನೆ ಅದಕ್ಕೊಪ್ಪದು. ಇಬ್ಬರು ಒಟ್ಟಿಗೆ ಕೂಗಿದರೆ ಒಬ್ಬರ ಕೂಗು ಕೇಳದೆ ಹೋಗುವುದು.

1989ರಲ್ಲಿ ಸೌಂಡ್ ಬ್ಲಾಸ್ಟರ್ ಎಂಬ ಧ್ವನಿ ಕಾರ್ಡು ಬಂದಿತು. ಅದರ ಮೊದಲ ಕಾರ್ಡುಗಳು ಕಾರ್ಖಾನೆಯಿಂದಲೇ 7ನೆಯ ತಂತಿಯನ್ನು ಹಿಡಿದು ಬರುತ್ತಿದ್ದುವು. ಆ ಪೀಠದಲ್ಲಿ ಪ್ರಿಂಟರ್ ಆಗಲೇ ಆಸೀನವಾಗಿತ್ತಷ್ಟೆ! ಗಂಡಹೆಂಡಿರ ಜಗಳದಲ್ಲಿ ಬಡವಾದ ಕೂಸು, ಹಣ ತೆತ್ತು ಕೊಂಡ ಗೃಹಸ್ಥ. ಆತ ಸ್ಕ್ರೂ ಬಿಚ್ಚಿ, ಒಂದೊಂದೇ ಕಾರ್ಡು ತೆಗೆದು ನೋಡಿ, ಯಾರಿಗೆ ಯಾವ ಸಂಖ್ಯೆಯೆಂದು ಚೀಟಿಯಲ್ಲಿ ಬರೆದುಕೊಂಡು, ಜಂಪರ್ ಎಂಬ ಪುಟ್ಟ ತುಣುಕನ್ನು 7ರಿಂದ 5ಕ್ಕೆ ಸರಿಸಬೇಕು. 5 ಕೂಡ ಖಾಲಿಯಿಲ್ಲದಿದ್ದರೆ ಮೊದಲಿಂದ ಮತ್ತೆ ಇದೇ ಪಾಡು.

ಪರಿಹಾರವನ್ನು ಐಬಿಎಂ 1987ರಲ್ಲೇ ಕಂಡುಕೊಂಡಿತ್ತು. ಅದರ ‘ಮೈಕ್ರೋ ಚಾನೆಲ್’ ಪದ್ಧತಿಯಲ್ಲಿ ಪ್ರತಿ ಕಾರ್ಡಿಗೂ ಗುರುತಿನ ಸಂಖ್ಯೆಯಿತ್ತು, ತಂತಿಗಳನ್ನು ಹಂಚಿಕೊಳ್ಳಬಹುದಾಗಿತ್ತು. ಆದರೆ ಹಳೆಯ ಕಾರ್ಡುಗಳು ಅದಕ್ಕೆ ಕೂಡುತ್ತಿರಲಿಲ್ಲ. ಇತರ ತಯಾರಕರು ರಾಯಲ್ಟಿ ತೆರಬೇಕಿತ್ತು. 1988ರಲ್ಲಿ ಕಾಂಪ್ಯಾಕ್ ಮೊದಲಾದ ಒಂಬತ್ತು ಸಂಸ್ಥೆಗಳು ಒಂದಾಗಿ ಬೇರೆ ಪದ್ಧತಿಯನ್ನೇ ಸಾರಿದುವು. ಒಡೆಯನೊಬ್ಬನ ಶಿಸ್ತಿಗಿಂತ ನೆರೆಹೊರೆಯ ಗಲಭೆಯೇ ಲೇಸೆಂದು ಪೇಟೆ ತೀರ್ಪಿತ್ತಿತು. ಆ ತೀರ್ಪನ್ನು ಅವಿವೇಕವೆನ್ನಲು ನನಗೆ ಮನಸ್ಸಿಲ್ಲ.

ಏಕೆಂದರೆ ಮುಂದೆ ಶಿಸ್ತು ಬಂದದ್ದು ಎಲ್ಲರೂ ಬಳಸಬಹುದಾದ ನಿಯಮಗಳ ಮೂಲಕ. 1992ರ ಪಿಸಿಐ ತಂತಿ ಹಂಚಿಕೊಳ್ಳುವುದನ್ನು ಕಲಿಸಿತು. 1993ರ ‘ಪ್ಲಗ್ ಅಂಡ್ ಪ್ಲೇ’ ನಿಯಮದಂತೆ ಕಾರ್ಡುಗಳು ತಾವು ಯಾರು, ತಮಗೇನು ಬೇಕೆಂದು ತಾವೇ ಹೇಳತೊಡಗಿದುವು. 1995ರ ವಿಂಡೋಸ್ ಪಂಚಾಯಿತಿ ನಡೆಸಿತು. 1996ರ ಯುಎಸ್‌ಬಿಯಲ್ಲಿ ಉಪಕರಣಗಳು ಕೂಗುವುದೇ ಇಲ್ಲ. ಯಜಮಾನನೇ ಸರದಿಯಂತೆ ಒಬ್ಬೊಬ್ಬರನ್ನು ವಿಚಾರಿಸುತ್ತಾನೆ.

ತಂತಿಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಜಗಳ ನಿಲ್ಲಲಿಲ್ಲ. ನಿಂತದ್ದು, ಎಲ್ಲರಿಗೂ ತಿಳಿಯುವ ಒಂದು ಭಾಷೆ ಏರ್ಪಟ್ಟ ಮೇಲೆ. ಕನ್ನಡ ಪಾಠ ಹೇಳುವ ನನಗೆ ಈ ಚರಿತ್ರೆ ಹಿಡಿಸಿದ್ದು ಆ ಕಾರಣದಿಂದಲೇ.